ರಿಪೇರಿಗೆ ಅಡ್ಡಗಾಲು

ಮಿದುಳಿನ ಗಡ್ಡೆ ತೆಗೆದ ಮೇಲೆ ಪೆಥಾಲಜಿ ವಿಭಾಗದವರು ಕೊಡುವ ವರದಿಯ ಮೇಲ್ಭಾಗದಲ್ಲೇ ರೋಗದ ಹೆಸರು, ದರ್ಜೆ ಇರುತ್ತದೆ. ಮನೆಯವರ ಕಣ್ಣು ಅಲ್ಲೇ ಕಚ್ಚಿಕೊಂಡುಬಿಡುತ್ತದೆ. ಮುಂದಿನ ಒಂದೆರಡು ವರ್ಷಗಳ ಲೆಕ್ಕಾಚಾರ ಬಹುಮಟ್ಟಿಗೆ ಅಡಗಿರುವುದು ಮಾತ್ರ ಕೆಳಗೆಲ್ಲೋ ಸಣ್ಣಕ್ಷರದಲ್ಲಿರುವ ಇನ್ನೊಂದು ಸಾಲಿನಲ್ಲಿ: ‘ಎಂಜಿಎಂಟಿ ಪ್ರೊಮೋಟರ್ ಮೀಥೈಲೇಟೆಡ್’ ಅಥವಾ ‘ಅನ್‌ಮೀಥೈಲೇಟೆಡ್’. ರೋಗ ಒಂದೇ, ಆಪರೇಷನ್ ಒಂದೇ, ನುಂಗುವ ಮಾತ್ರೆಯೂ ಒಂದೇ. ಆದರೆ ಮೊದಲ ಗುಂಪಿನವರಿಗೆ ಆ ಮಾತ್ರೆಯಿಂದ ಒಂದಿಷ್ಟು ಕಾಲ ಕೈಗೆ ಸಿಗುತ್ತದೆ. ಎರಡನೆಯ ಗುಂಪಿನವರಿಗೆ ಸಿಗುವುದು ಅತ್ಯಲ್ಪ.

ಆ ಸಾಲು ಹೇಳುವುದು ಗಡ್ಡೆಯ ಜೀವಕೋಶಗಳ ಒಂದು ಕಸುಬಿನ ಬಗ್ಗೆ. ಔಷಧಿ ಬಂದು ಡಿಎನ್‌ಎ ಕೆಡಿಸಿಹೋದರೆ ಅದನ್ನು ಮತ್ತೆ ಸರಿಮಾಡಿಕೊಳ್ಳಲು ಅವಕ್ಕೆ ಬರುತ್ತದೆಯೋ ಇಲ್ಲವೋ ಎಂದು. ಕ್ಯಾನ್ಸರ್ ಚಿಕಿತ್ಸೆಯ ದೊಡ್ಡ ಪಾಲು, ಅದು ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಷನ್ ಇರಲಿ, ಕಿಮೋ ಇರಲಿ, ಡಿಎನ್‌ಎ ಕೆಡಿಸುವ ಕೆಲಸವೇ. ಕೆಟ್ಟದ್ದು ರಾತ್ರಿ ಬೆಳಗಾಗುವುದರಲ್ಲಿ ರಿಪೇರಿಯಾಗಿಬಿಟ್ಟರೆ ರೋಗಿ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಾಗಾದರೆ ರಿಪೇರಿಗೇ ಅಡ್ಡಗಾಲು ಹಾಕಿದರೆ ಹೇಗೆ? ಮೂರು ದಶಕಗಳಿಗೂ ಮಿಕ್ಕಿ ವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಕೇಳುವುದಕ್ಕೆ ಇಷ್ಟು ಸರಳವಾದ ಉಪಾಯ ಮಿದುಳಿನ ಕ್ಯಾನ್ಸರ್ ಮುಂದೆ ಮತ್ತೆ ಮತ್ತೆ ಮುಗ್ಗರಿಸಿದೆ. ರಿಪೇರಿ ನಿಲ್ಲಿಸುವ ಔಷಧಿ ಸಿಗಲಿಲ್ಲ ಎಂದಲ್ಲ, ಬೇಕಾದಷ್ಟು ಸಿಕ್ಕಿವೆ. ಗಡ್ಡೆಯಲ್ಲಿ ಮಾತ್ರ ನಿಲ್ಲಿಸಿ, ಉಳಿದ ಮೈಯಲ್ಲಿ ಅದರ ಪಾಡಿಗೆ ಅದು ನಡೆಯಲು ಬಿಡುವುದೇ ಕಷ್ಟವಾಗಿರುವುದು.

ಇಲ್ಲಿ ಮಾತಾಡುತ್ತಿರುವುದು ಗ್ಲಯೋಬ್ಲಾಸ್ಟೋಮಾ ಬಗ್ಗೆ. ವಯಸ್ಕರಿಗೆ ಮಿದುಳಿನಲ್ಲೇ ಹುಟ್ಟಿಕೊಳ್ಳುವ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು, ಇದೇ ಕ್ರೂರ. ಅಮೆರಿಕದ ಸೆನೆಟರ್‌ಗಳಾದ ಟೆಡ್ ಕೆನಡಿ 2009ರಲ್ಲಿ, ಜಾನ್ ಮೆಕೇನ್ 2018ರಲ್ಲಿ ತೀರಿಕೊಂಡದ್ದು ಇದರಿಂದಲೇ. ದುಡ್ಡು, ಆಸ್ಪತ್ರೆ, ಡಾಕ್ಟರು ಯಾವುದಕ್ಕೂ ಕೊರತೆಯಿದ್ದವರಲ್ಲ. ಶಸ್ತ್ರವೈದ್ಯರು ಕಣ್ಣಿಗೆ ಕಾಣುವ ಗಡ್ಡೆಯನ್ನೆಲ್ಲ ತೆಗೆಯಬಲ್ಲರು. ಆದರೆ ಅದರ ಕೋಶಗಳು ಬೇರು ಬಿಟ್ಟ ಹಾಗೆ ಆರೋಗ್ಯವಂತ ಮಿದುಳಿನೊಳಗೆ ಎಷ್ಟೋ ದೂರ ನುಸುಳಿ ಕೂತಿರುತ್ತವೆ. 1920ರ ದಶಕದಲ್ಲಿ ಬಾಲ್ಟಿಮೋರ್‌ನ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್ ಇಂಥ ಗಡ್ಡೆ ಇದ್ದ ಕೆಲವರ ಮಿದುಳಿನ ಇಡೀ ಬಲಭಾಗವನ್ನೇ ತೆಗೆದುಹಾಕಿದರು. ಅಷ್ಟು ಮಾಡಿದರೂ ರೋಗ ಬಿಡಲಿಲ್ಲ. ಕತ್ತರಿಯಿಂದ ಮುಗಿಯುವ ಕೆಲಸ ಇದಲ್ಲ ಎನ್ನುವುದು ಅಂದೇ ತಿಳಿದಿತ್ತು.

ಹಾಗಾಗಿ ಆಪರೇಷನ್ ಆದ ಕೆಲವು ವಾರಗಳಿಗೆ ಕರೆಂಟ್ ಶುರು. ಬಿಳಿ ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಸಿನೀರಿನಲ್ಲಿ ಅದ್ದುತ್ತಾರೆ. ಅದು ಮೆತ್ತಗಾದ ಕೂಡಲೇ ತೆಗೆದು ಒರೆಸಿ, ಮಲಗಿದವರ ಮುಖದ ಮೇಲೆ ಎಳೆದು ಮೂಗು, ಗದ್ದ, ಹಣೆಯ ಆಕಾರಕ್ಕೆ ಒತ್ತುತ್ತಾರೆ. ತಣ್ಣಗಾಗುತ್ತಿದ್ದಂತೆ ಬಿಗಿದುಕೊಂಡು ಜಾಳಿಜಾಳಿಯಾದ ಮುಖವಾಡವಾಗುತ್ತದೆ. ಪ್ರತಿ ಸಲವೂ ಅದನ್ನು ಹಾಕಿ ಟೇಬಲ್ಲಿಗೆ ಕ್ಲಿಪ್ ಮಾಡಿದರೆ ತಲೆ ಕೂದಲೆಳೆಯಷ್ಟೂ ಅಲ್ಲಾಡದು. ಸೋಮವಾರದಿಂದ ಶುಕ್ರವಾರದವರೆಗೆ, ಆರು ವಾರ, ಒಟ್ಟು 30 ಸಲ. ಸಲಕ್ಕೆ 2 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), ಎಲ್ಲ ಸೇರಿ 60 ಗ್ರೇ. ಜೊತೆಗೆ ದಿನಾ ಖಾಲಿ ಹೊಟ್ಟೆಯಲ್ಲಿ ಟೆಮೊಜೊಲೊಮೈಡ್ ಎಂಬ ಕ್ಯಾಪ್ಸೂಲ್, ಅದಕ್ಕೂ ಮುಂಚೆ ವಾಂತಿ ತಡೆಯಲು ಇನ್ನೊಂದು ಮಾತ್ರೆ. ಕರೆಂಟ್ ಮುಗಿದು ಒಂದು ತಿಂಗಳ ಬಿಡುವಾದ ಮೇಲೆ ಅದೇ ಕ್ಯಾಪ್ಸೂಲ್ 28 ದಿನಕ್ಕೊಮ್ಮೆ ಐದೈದು ದಿನ, ಆರು ಸುತ್ತು. ನಡುನಡುವೆ ರಕ್ತಪರೀಕ್ಷೆ. ಪ್ಲೇಟ್‌ಲೆಟ್ ಬಿದ್ದಿದ್ದರೆ ಆ ಸುತ್ತು ಮುಂದಕ್ಕೆ.

ಈ ಕ್ರಮ ಜಗತ್ತಿಗೆಲ್ಲ ಮಾದರಿಯಾದದ್ದು 2005ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿದ್ದ ರೋಜರ್ ಸ್ಟುಪ್ ನೇತೃತ್ವದ ಪ್ರಯೋಗದಲ್ಲಿ 573 ರೋಗಿಗಳಿದ್ದರು. ಬರೀ ಕರೆಂಟ್ ಪಡೆದವರು ಸರಾಸರಿಗೆ 12.1 ತಿಂಗಳು ಬದುಕಿದರೆ ಕ್ಯಾಪ್ಸೂಲನ್ನೂ ತೆಗೆದುಕೊಂಡವರು 14.6 ತಿಂಗಳು ಬದುಕಿದರು. ಎರಡೂವರೆ ತಿಂಗಳು! ಹೊರಗಿನವರಿಗೆ ಇದು ನಗೆಪಾಟಲಿನ ಗೆಲುವು ಎನಿಸಬಹುದು. ಆದರೆ ಐದು ವರ್ಷ ದಾಟಿದವರ ಲೆಕ್ಕ ನೂರಕ್ಕೆ ಎರಡಕ್ಕಿಂತ ಕೆಳಗಿದ್ದದ್ದು ಸುಮಾರು ಹತ್ತಕ್ಕೇರಿತು. ಈ ಹತ್ತು ಜನ ಯಾರು ಎನ್ನುವ ಪ್ರಶ್ನೆಯೇ ಎಂಜಿಎಂಟಿಯ ಕತೆಗೆ ಕರೆದೊಯ್ಯುತ್ತದೆ.

ಒಂದು ಗಾಯಕ್ಕೆ ಒಂದು ಪ್ರಾಣ

ಟೆಮೊಜೊಲೊಮೈಡ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಆಸ್ಟನ್ ವಿಶ್ವವಿದ್ಯಾಲಯದಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ. ರಸಾಯನಶಾಸ್ತ್ರಜ್ಞ ಮಾಲ್ಕಂ ಸ್ಟೀವನ್ಸ್ ತಂಡದವರು ಮೊದಲು ಮಾಡಿದ್ದು ಮಿಟೊಜೊಲೊಮೈಡ್ ಎಂಬ ಅಣ್ಣನನ್ನು. ಅದು ಡಿಎನ್‌ಎಯ ಎರಡು ಎಳೆಗಳನ್ನೂ ಒಂದಕ್ಕೊಂದು ಬೆಸೆದುಬಿಡುತ್ತಿತ್ತು. ಇಲಿಗಳಲ್ಲಿ ಅದ್ಭುತ, ಮನುಷ್ಯರಲ್ಲಿ ಅನಾಹುತ. ಅಸ್ಥಿಮಜ್ಜೆ ಸೊರಗಿ ರಕ್ತದ ಕೌಂಟ್ ಯಾವಾಗ ಎಷ್ಟು ಬೀಳುತ್ತದೆಂದು ಹೇಳಲಾಗದೆ ಅದನ್ನು ಕೈಬಿಟ್ಟರು. ಕ್ಲೋರಿನ್ ಹೊತ್ತ ಅದರ ಬಾಲವನ್ನು ಕತ್ತರಿಸಿ ಪುಟ್ಟ ಮೀಥೈಲ್ ಗುಂಪನ್ನು ಕೂರಿಸಿದಾಗ ಬಂದ ತಮ್ಮನೇ ಟೆಮೊಜೊಲೊಮೈಡ್. 1987ರಲ್ಲಿ ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಎಡ್ವರ್ಡ್ ನ್ಯೂಲ್ಯಾಂಡ್ಸ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಲು ಶುರುಮಾಡಿದರು. ಈ ಅಣ್ಣ-ತಮ್ಮಂದಿರ ಗುರುತು ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಟೆಮೊಜೊಲೊಮೈಡ್ ಹೊಟ್ಟೆಯ ಹುಳಿಯಲ್ಲಿ ಕರಗಿ ಹಾಳಾಗುವುದಿಲ್ಲ. ರಕ್ತ ಸೇರಿದ ಮೇಲೆ ಯಾವ ಕಿಣ್ವದ ಹಂಗೂ ಇಲ್ಲದೆ ತಾನಾಗಿ ಒಡೆಯುತ್ತದೆ. ಅಣು ಪುಟ್ಟದಾದ್ದರಿಂದ ಮಿದುಳಿನೊಳಕ್ಕೂ ಹೋಗುತ್ತದೆ. ರಕ್ತದಲ್ಲಿರುವುದರ ಐದನೇ ಒಂದು ಭಾಗದಷ್ಟು ಮಿದುಳನ್ನು ಸುತ್ತುವರಿದ ದ್ರವದಲ್ಲಿ ಸಿಗುತ್ತದೆ. ಅಲ್ಲಿ ಹೋಗಿ ಡಿಎನ್‌ಎಗೆ ಮೀಥೈಲ್ ಗುಂಪುಗಳನ್ನು ಅಂಟಿಸುತ್ತದೆ. ಅಂಟುವವುಗಳಲ್ಲಿ ಬಹುಪಾಲು ಕೋಶಕ್ಕೆ ಲೆಕ್ಕಕ್ಕಿಲ್ಲ. ರಿಪೇರಿ ದಳ ಬಂದು ಒರೆಸಿಕೊಂಡು ಹೋಗುತ್ತದೆ. ಕೊಲ್ಲುವ ಶಕ್ತಿ ಇರುವುದು ಗ್ವಾನಿನ್ ಎಂಬ ಅಕ್ಷರದ ಆರನೇ ಸ್ಥಾನದ ಆಮ್ಲಜನಕಕ್ಕೆ ಅಂಟುವ ಮೀಥೈಲ್‌ಗೆ, ಒಟ್ಟಿನಲ್ಲಿ ನೂರಕ್ಕೆ ಐದಾರು ಮಾತ್ರ.

ಅದೂ ನೇರವಾಗಿ ಕೊಲ್ಲುವುದಿಲ್ಲ. ಹಾಗೆ ಕೆಟ್ಟ ಗ್ವಾನಿನ್ ಎದುರು ಕೋಶ ವಿಭಜನೆಯಾಗುವಾಗ ಸೈಟೋಸಿನ್ ಬದಲು ಥೈಮಿನ್ ಬಂದು ಕೂರುತ್ತದೆ. ತಪ್ಪು ಜೋಡಿ ಪತ್ತೆ ಹಚ್ಚುವ ದಳ ಓಡಿಬಂದು ಆ ತುಂಡನ್ನು ಕತ್ತರಿಸುತ್ತದೆ. ಆದರೆ ಅದು ಕತ್ತರಿಸುವುದು ಹೊಸ ಎಳೆಯನ್ನು. ತಪ್ಪಿರುವುದು ಹಳೆಯ ಎಳೆಯಲ್ಲಿ. ಮತ್ತೆ ಹೆಣೆದರೆ ಮತ್ತೆ ಥೈಮಿನ್ನೇ ಬರುತ್ತದೆ, ಮತ್ತೆ ಕತ್ತರಿ. ಹೀಗೆ ಕತ್ತರಿಸಿ ಹೆಣೆದು, ಹೆಣೆದು ಕತ್ತರಿಸಿ ಕೊನೆಗೆ ಎಳೆಗಳೆರಡೂ ತುಂಡಾಗುತ್ತವೆ. ಅಂದರೆ ಕೋಶ ಸಾಯುವುದು ತನ್ನದೇ ರಿಪೇರಿ ದಳದ ಕೈಯಲ್ಲಿ! ಇದನ್ನು ಮೊದಲ ಸಲ ಓದಿದಾಗ ನನಗೆ ಇಡೀ ವಿಷಯವೇ ತಲೆಕೆಳಗಾದಂತಾಯಿತು. ಎಲ್ಲ ರಿಪೇರಿಯೂ ಗಡ್ಡೆಗೆ ರಕ್ಷೆಯಲ್ಲ, ಕೆಲವು ರಿಪೇರಿ ನಮ್ಮ ಪರವಾಗಿಯೂ ಇವೆ. ರೋಗ ಮರುಕಳಿಸಿದ ಕೆಲವು ಗಡ್ಡೆಗಳು ಈ ತಪ್ಪು ಹುಡುಕುವ ದಳವನ್ನೇ ಕಳೆದುಕೊಂಡಿರುತ್ತವೆ. ಆಗ ಟೆಮೊಜೊಲೊಮೈಡ್ ಕೊಟ್ಟರೆ ಕೋಶ ಸಾಯುವುದಿಲ್ಲ, ಸಾವಿರಾರು ರೂಪಾಂತರಗಳನ್ನು ಮೈಮೇಲೆ ಹೇರಿಕೊಂಡು ಬೆಳೆಯುತ್ತಲೇ ಹೋಗುತ್ತದೆ.

ಎಂಜಿಎಂಟಿ ಬರುವುದು ಈ ನಾಟಕ ಶುರುವಾಗುವ ಮೊದಲೇ. ಅದೊಂದು ಪ್ರೋಟೀನು. ಗ್ವಾನಿನ್‌ಗೆ ಅಂಟಿದ ಮೀಥೈಲ್ ಗುಂಪನ್ನು ಕಿತ್ತು ತನ್ನ ಮೈಗೇ ಅಂಟಿಸಿಕೊಳ್ಳುತ್ತದೆ. ಡಿಎನ್‌ಎ ಮೊದಲಿನಂತಾಯಿತು. ಎಂಜಿಎಂಟಿಯ ಆಯಸ್ಸು ಅಲ್ಲಿಗೆ ಮುಗಿಯಿತು. ಮತ್ತೊಂದು ಗಾಯಕ್ಕೆ ಮತ್ತೊಂದು ಎಂಜಿಎಂಟಿ ಬರಬೇಕು. ಒಂದು ಗಾಯಕ್ಕೆ ಒಂದು ಪ್ರಾಣ ತೆರುವ ಈ ವಿಚಿತ್ರ ಪದ್ಧತಿ ಮೊದಲು ಕಂಡದ್ದು ಬ್ಯಾಕ್ಟೀರಿಯಾಗಳಲ್ಲಿ, 1980ರ ಆಸುಪಾಸಿನಲ್ಲಿ. ಅದನ್ನು ಬಿಡಿಸಿ ಹೇಳಿದವರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡಾಲ್ ಮುಖ್ಯರು. ಡಿಎನ್‌ಎ ಎನ್ನುವುದು ಕಲ್ಲಿನ ಮೇಲಿನ ಬರಹವಲ್ಲ, ಪ್ರತಿಯೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಕಡೆ ತಾನಾಗಿಯೇ ಸವೆಯುತ್ತಿರುತ್ತದೆ ಎಂದು ತೋರಿಸಿದವರೂ ಅವರೇ. ಅವರ ಜೊತೆಗೆ ತಪ್ಪು ಜೋಡಿ ತಿದ್ದುವ ವ್ಯವಸ್ಥೆಯನ್ನು ಬಿಡಿಸಿದ ಪಾಲ್ ಮೋಡ್ರಿಚ್, ಬಿಸಿಲಿನ ಹಾನಿ ಸರಿಪಡಿಸುವ ವ್ಯವಸ್ಥೆಯನ್ನು ಬಿಡಿಸಿದ ಟರ್ಕಿ ಮೂಲದ ಅಜೀಜ್ ಸಂಜಾರ್ ಇಬ್ಬರಿಗೂ 2015ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಸ್ಟುಪ್ ಪ್ರಯೋಗದ 206 ರೋಗಿಗಳ ಗಡ್ಡೆಗಳನ್ನು ಲೋಸಾನ್‌ನ ಮೋನಿಕಾ ಹೆಗಿ ತಂಡ ಪರೀಕ್ಷಿಸಿತು. ಅವುಗಳಲ್ಲಿ ನೂರಕ್ಕೆ 45ರಲ್ಲಿ ಎಂಜಿಎಂಟಿ ವಂಶವಾಹಿಗೇ ಬೀಗ ಬಿದ್ದಿತ್ತು. (ಗೊಂದಲವಾದರೆ ನಿಮ್ಮ ತಪ್ಪಲ್ಲ. ಔಷಧಿ ಅಂಟಿಸುವುದೂ ಮೀಥೈಲ್, ವಂಶವಾಹಿಗೆ ಬೀಗವಾಗಿ ಬೀಳುವುದೂ ಮೀಥೈಲ್. ವರದಿಯ ‘ಮೀಥೈಲೇಟೆಡ್’ ಎಂದರೆ ಈ ಬೀಗ.) ಬೀಗ ಬಿದ್ದವರು ಕ್ಯಾಪ್ಸೂಲಿನ ಜೊತೆ ಸರಾಸರಿ 21.7 ತಿಂಗಳು ಬದುಕಿದ್ದರು. ಬೀಗವಿಲ್ಲದವರು 12.7 ತಿಂಗಳು.

ಮಜ್ಜೆ ತೆತ್ತ ಬೆಲೆ

ಇಷ್ಟು ತಿಳಿದ ಮೇಲೆ ಎಂಜಿಎಂಟಿಯನ್ನು ಮುಗಿಸುವ ಔಷಧಿ ಬೇಕೆಂದು ಯಾರಿಗಾದರೂ ಹೊಳೆಯುತ್ತದೆ. ಹೊಳೆದದ್ದು ಬಹಳ ಮುಂಚೆಯೇ. ಅಮೆರಿಕದ ಆಂಥೊನಿ ಪೆಗ್ ಮತ್ತು ಸಂಗಡಿಗರು 1990ರಲ್ಲೇ ಬೆಂಜೈಲ್‌ಗ್ವಾನಿನ್ ಎಂಬ ಹುಸಿ ಗಾಯವನ್ನು ಮುಂದಿಟ್ಟರು. ಎಂಜಿಎಂಟಿ ಅದನ್ನೇ ನಿಜವಾದ ಗಾಯವೆಂದು ನಂಬಿ, ಮುಟ್ಟಿ, ಸಾಯುತ್ತದೆ. ನಿಜವಾದ ಗಾಯಗಳು ಬಿದ್ದಾಗ ತಿದ್ದಲು ಒಂದೂ ಉಳಿದಿರುವುದಿಲ್ಲ. ಪ್ರಯೋಗಾಲಯದಲ್ಲಿ ಚೊಕ್ಕವಾಗಿ ಕೆಲಸ ಮಾಡಿತು. ರೋಗಿಗಳ ಗಡ್ಡೆಯಲ್ಲೂ ಎಂಜಿಎಂಟಿ ಖಾಲಿಯಾದದ್ದು ಖಾತ್ರಿಯಾಯಿತು.

ಎಡವಟ್ಟಾದದ್ದು ಮೂಳೆಯೊಳಗೆ. ರಕ್ತ ಹುಟ್ಟಿಸುವ ಮಜ್ಜೆಯ ಕೋಶಗಳಲ್ಲಿ ಎಂಜಿಎಂಟಿ ಮೊದಲೇ ಕಡಿಮೆ. ಇದ್ದಬದ್ದದ್ದನ್ನೂ ಕಿತ್ತುಕೊಂಡರೆ ಕಿಮೋ ಅವುಗಳ ಮೇಲೇ ಎರಗುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದವರು ಕಾರ್ಮುಸ್ಟಿನ್ ಎಂಬ ಹಳೆಯ ಔಷಧಿಯ ಜೊತೆ ಇದನ್ನು ಕೊಟ್ಟು ನೋಡಿದಾಗ ಕಾರ್ಮುಸ್ಟಿನ್ ಪ್ರಮಾಣವನ್ನು ಮಾಮೂಲಿನ ಕಾಲುಭಾಗಕ್ಕೂ ಕೆಳಗಿಳಿಸಬೇಕಾಯಿತು. ಟೆಮೊಜೊಲೊಮೈಡ್‌ಗೆ ಬಗ್ಗದ ರೋಗಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗ್ಲಯೋಬ್ಲಾಸ್ಟೋಮಾ ಇದ್ದವರಿಗೆ ಹೇಳಿಕೊಳ್ಳುವಂಥ ಉಪಯೋಗವೇ ಆಗಲಿಲ್ಲ, ಸುಮಾರು ಅರ್ಧದಷ್ಟು ಜನರಿಗೆ ರಕ್ತದ ಕೌಂಟ್ ಅಪಾಯದ ಮಟ್ಟಕ್ಕಿಳಿಯಿತು. ಕವಚ ಕಿತ್ತದ್ದು ಸರಿ, ಕತ್ತಿಯ ಏಟನ್ನೂ ಕಡಿಮೆ ಮಾಡಬೇಕಾದರೆ ಕವಚ ಕಿತ್ತು ಏನು ಬಂತು?

ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಕೇಂದ್ರದವರು ಹೂಡಿದ ಪ್ರತಿತಂತ್ರ ಮಾತ್ರ ಮೆಚ್ಚುವಂಥದ್ದು. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಬೆಂಜೈಲ್‌ಗ್ವಾನಿನ್‌ಗೆ ಮರುಳಾಗದಂತೆ ತಿದ್ದಿದ ಎಂಜಿಎಂಟಿ ವಂಶವಾಹಿಯನ್ನು ಅವುಗಳೊಳಗೆ ಸೇರಿಸಿ ಮತ್ತೆ ಮೈಗೆ ಹಾಕಿದರು. ಈಗ ಮಜ್ಜೆಗೆ ಕವಚವಿದೆ, ಗಡ್ಡೆಗಿಲ್ಲ. 2012ರಲ್ಲಿ ಅವರು ವರದಿ ಮಾಡಿದ ಮೂವರು ರೋಗಿಗಳು ಕಿಮೋವನ್ನು ಚೆನ್ನಾಗಿಯೇ ತಡೆದುಕೊಂಡರು. ತರ್ಕ ಅಚ್ಚುಕಟ್ಟು. ಆದರೆ ಒಬ್ಬೊಬ್ಬರ ಮೂಲಕೋಶವನ್ನೂ ತೆಗೆದು ತಿದ್ದಿ ಕೂರಿಸುವ ಚಿಕಿತ್ಸೆ ಎಷ್ಟು ಊರಿನ ಎಷ್ಟು ಆಸ್ಪತ್ರೆಗಳಿಗೆ ನಿಲುಕೀತು?

ಇನ್ನು ಕೆಲವರ ಕಣ್ಣು ಕರೆಂಟ್ ಮಾಡುವ ಗಾಯದ ಮೇಲೆ ಬಿತ್ತು. ಒಂದು ಗ್ರೇ ವಿಕಿರಣಕ್ಕೆ ಪ್ರತಿ ಕೋಶದ ಡಿಎನ್‌ಎಯಲ್ಲಿ ಒಂದೇ ಎಳೆ ಹರಿಯುವ ಕಡೆಗಳು ಸಾವಿರದಷ್ಟಾದರೆ, ಎರಡೂ ಎಳೆ ಒಟ್ಟಿಗೆ ಹರಿಯುವ ಕಡೆಗಳು ಸುಮಾರು 40. ಕೋಶಕ್ಕೆ ನಿಜವಾದ ಕಂಟಕ ಈ ನಲವತ್ತು. ಹೀಗೆ ಎರಡೂ ಎಳೆ ಹರಿದ ಕೂಡಲೇ ಗಂಟೆ ಬಾರಿಸುವ ಪ್ರೋಟೀನಿನ ಹೆಸರು ಎಟಿಎಂ. ಇದಿಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ನಡಿಗೆ ತೂರಾಡುತ್ತದೆ, ಕಣ್ಣಿನ ಬಿಳಿಭಾಗದಲ್ಲಿ ಕೆಂಪು ರಕ್ತನಾಳಗಳು ಬಲೆಕಟ್ಟುತ್ತವೆ. ಇವರಿಗೆ ಕ್ಯಾನ್ಸರ್ ಬಂದಾಗ ಎಲ್ಲರಿಗೂ ಕೊಡುವಷ್ಟೇ ಕರೆಂಟ್ ಕೊಟ್ಟರೆ ಅದೇ ಮುಳುವಾಗುತ್ತದೆ. ಈ ವಂಶವಾಹಿಯನ್ನು 1995ರಲ್ಲಿ ಪತ್ತೆ ಮಾಡಿದ್ದು ಟೆಲ್ ಅವೀವ್‌ನ ಯೋಸೆಫ್ ಶಿಲೋ ತಂಡ. ಆ ಮಕ್ಕಳ ದುರದೃಷ್ಟವನ್ನೇ ಗಡ್ಡೆಯ ಮೇಲೆ ಹೇರುವುದಾದರೆ ಹೇಗೆ ಎಂದು ಆಸ್ಟ್ರಜೆನೆಕಾ ಕಂಪನಿ ಮಾಡಿದ ಅಣು ಎಜೆಡಿ1390. ಮೊದಲಿನಿಂದಲೇ ಮಿದುಳಿಗೆ ನುಗ್ಗುವಂತೆ ಅದನ್ನು ಕಡೆಯಲಾಗಿತ್ತು. ಮಂಗಗಳ ಮಿದುಳಿನ ಸ್ಕ್ಯಾನಿನಲ್ಲಿ ಅದು ಒಳಹೋಗುವುದು ಕಂಡಿತು. 2018ರಲ್ಲಿ ಆ ವಿವರಗಳು ಪ್ರಕಟವಾದವು. ಕರೆಂಟ್ ಜೊತೆಗೆ ಕೊಟ್ಟು ಮನುಷ್ಯರಲ್ಲಿ ಸುರಕ್ಷತೆ ನೋಡುವ ಪ್ರಯೋಗಗಳೂ ಶುರುವಾದವು. ಈ ದಾರಿಗೊಂದು ಅನುಕೂಲವಿದೆ. ಕರೆಂಟ್ ಬೀಳುವುದು ತಲೆಗೆ ಮಾತ್ರ. ಎಟಿಎಂ ಮೈತುಂಬ ಕಟ್ಟಿಹೋದರೂ ಮಜ್ಜೆಗೆ ಹೊಸ ಗಾಯ ಬೀಳುವುದಿಲ್ಲ. ಭಯ ಇರುವುದು ಗಡ್ಡೆಯ ಪಕ್ಕದ ಒಳ್ಳೆಯ ಮಿದುಳಿನದು, ನೆತ್ತಿಯ ಚರ್ಮದ್ದು.

ಬೆಂಗಳೂರಿನ ಒಂದು ಅಣು

ಹರಿದ ಎರಡೂ ಎಳೆಗಳನ್ನು ಕೊನೆಯಲ್ಲಿ ಬೆಸೆಯುವ ಕಿಣ್ವಕ್ಕೆ ಲೈಗೇಸ್-4 ಎಂದು ಹೆಸರು. ಅದನ್ನೇ ಕಟ್ಟಿಹಾಕಲು ಹೊರಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಸತೀಶ್ ರಾಘವನ್. ಅವರ ತಂಡ ಕಂಪ್ಯೂಟರಿನಲ್ಲಿ ಕಿಣ್ವದ ಆಕಾರ ನೋಡಿ ರೂಪಿಸಿದ ಅಣುಗಳಲ್ಲಿ ಕೆಲಸಕ್ಕೆ ಬಂದದ್ದು ಎಸ್‌ಸಿಆರ್7. ಆ ಮೂರಕ್ಷರ ವಿಜ್ಞಾನಿಯ ಇನಿಷಿಯಲ್ಲೇ. 2012ರ ಡಿಸೆಂಬರಿನಲ್ಲಿ ಇದು ‘ಸೆಲ್’ ಪತ್ರಿಕೆಯಲ್ಲಿ ಬಂತು. ಭಾರತದ ಪ್ರಯೋಗಾಲಯದಿಂದ ಹೊರಟ ಕೆಲಸ ಅಲ್ಲಿ ಅಚ್ಚಾಗುವುದು ಅಪರೂಪ. ಇಲಿಗಳಲ್ಲಿ ಹಲವು ಬಗೆಯ ಗಡ್ಡೆಗಳು ಕುಗ್ಗಿದವು, ಕರೆಂಟ್ ಜೊತೆ ಕೊಟ್ಟಾಗ ಪರಿಣಾಮ ಹೆಚ್ಚಿತು.

ಆ ಅಣುವಿಗೆ ಖ್ಯಾತಿ ಬಂದದ್ದು ಬೇರೆ ದಿಕ್ಕಿನಿಂದ. ಕ್ರಿಸ್ಪರ್ ಕತ್ತರಿಯಿಂದ ವಂಶವಾಹಿ ತಿದ್ದುವವರಿಗೆ ಹರಿದ ಡಿಎನ್‌ಎ ಅವಸರದಲ್ಲಿ ಬೆಸೆದುಕೊಳ್ಳುವುದೇ ತಲೆನೋವು. 2015ರಲ್ಲಿ ಹೊರದೇಶದ ತಂಡಗಳು ಎಸ್‌ಸಿಆರ್7 ಹಾಕಿದರೆ ತಿದ್ದುಪಡಿ ನಿಖರವಾಗುತ್ತದೆ ಎಂದು ಬರೆದವು. ಮಾರನೆಯ ವರ್ಷವೇ ಇನ್ನೊಂದು ತಂಡ, ಇದರ ರಚನೆ ಹೇಳಿದಂತಿಲ್ಲ, ಇದು ಲೈಗೇಸ್-4 ಒಂದನ್ನೇ ಹಿಡಿಯುವುದೂ ಇಲ್ಲ ಎಂದು ತಕರಾರು ತೆಗೆಯಿತು. ಬೆಂಗಳೂರಿನವರೂ ತಮ್ಮ ಉತ್ತರ ಕೊಟ್ಟರು. ವಿಜ್ಞಾನದಲ್ಲಿ ಇಂಥ ಜಗಳ ಅವಮಾನವಲ್ಲ, ದಿನನಿತ್ಯದ ವ್ಯವಹಾರ. ಆದರೆ ನಮ್ಮ ಪತ್ರಿಕೆಗಳು ಅಂದು ಸುದ್ದಿಯನ್ನು ಸಂಭ್ರಮಿಸಿದಷ್ಟು ಆಮೇಲಿನ ತಕರಾರನ್ನು ಓದುಗರಿಗೆ ಹೇಳಲಿಲ್ಲ ಎನ್ನುವುದು ನನ್ನ ಆಕ್ಷೇಪ. ಇಲಿಯಲ್ಲಿ ಕುಗ್ಗಿದ ಗಡ್ಡೆಗೂ ಮನುಷ್ಯನ ಮಾತ್ರೆಗೂ ನಡುವೆ ಇರುವ ಹಾದಿಯನ್ನು ಒಂದು ಶೀರ್ಷಿಕೆ ದಾಟಿಸಲಾರದು.

ಮಿದುಳಿನ ಗಡ್ಡೆಯ ಬಗ್ಗೆಯೇ ಬೆಂಗಳೂರಿನಲ್ಲಿ ಗಟ್ಟಿ ಕೆಲಸ ನಡೆದಿರುವುದು ಇನ್ನೊಂದು ಕಡೆ. ಅದೇ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ, ನಿಮ್ಹಾನ್ಸ್‌ನ ಪೆಥಾಲಜಿ ತಜ್ಞೆ ವಾಣಿ ಸಂತೋಷ್ ಮತ್ತು ಅಲ್ಲಿನ ಶಸ್ತ್ರವೈದ್ಯರು ಸೇರಿ ನಮ್ಮ ರೋಗಿಗಳ ಗ್ಲಯೋಬ್ಲಾಸ್ಟೋಮಾಗಳಲ್ಲಿ ಯಾವ ವಂಶವಾಹಿ ತೆರೆದಿದೆ, ಯಾವುದಕ್ಕೆ ಬೀಗ ಬಿದ್ದಿದೆ ಎಂದು ವರ್ಷಗಟ್ಟಲೆ ಪಟ್ಟಿ ಮಾಡಿದ್ದಾರೆ. ಯಾರು ಎಷ್ಟು ಕಾಲ ಬದುಕಬಹುದೆಂದು ಅಂದಾಜಿಸುವ ಗುರುತುಗಳನ್ನು ಅದರಿಂದ ಹೆಕ್ಕಿದ್ದಾರೆ. ಔಷಧಿಯಷ್ಟು ಸದ್ದು ಮಾಡದ ಕೆಲಸ ಇದು. ಆದರೆ ಯಾವ ಗಡ್ಡೆಗೆ ಯಾವ ರಿಪೇರಿ ಬರುತ್ತದೆ ಎಂದು ತಿಳಿಯದೆ ತಡೆಯುವುದಾದರೂ ಯಾವುದನ್ನು?

ಎರಡು ಘಾಟಿ

ರಿಪೇರಿ ತಡೆಯುವ ಔಷಧಿಗಳಲ್ಲಿ ನಿಜವಾಗಿ ಗೆದ್ದದ್ದು ಪಾರ್ಪ್ ಎಂಬ ರಿಪೇರಿ ಕಿಣ್ವದ ತಡೆಗಳು. ಕೇಂಬ್ರಿಜ್‌ನ ಸ್ಟೀವ್ ಜಾಕ್ಸನ್ ಕಟ್ಟಿದ ಕುಡೋಸ್ ಎಂಬ ಸಣ್ಣ ಕಂಪನಿಯಲ್ಲಿ ಹುಟ್ಟಿದ ಒಲಾಪರಿಬ್, ಬಿಆರ್‌ಸಿಎ ವಂಶವಾಹಿ ಕೆಟ್ಟ ಅಂಡಾಶಯದ ಕ್ಯಾನ್ಸರ್‌ಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರ ಗುಟ್ಟು ತಿಳಿಯಲು ಮಳೆಗಾಲದ ಪಶ್ಚಿಮಘಟ್ಟ ಸಾಕು. ಶಿರಾಡಿ ಕುಸಿದರೆ ಮಂಗಳೂರಿನ ಬಸ್ಸು ಚಾರ್ಮಾಡಿಯಲ್ಲಿ ಹೋಗುತ್ತದೆ. ಚಾರ್ಮಾಡಿ ಕುಸಿದರೆ ಶಿರಾಡಿ ಇದೆ. ಒಂದು ಮೊದಲೇ ಬಂದ್ ಆಗಿರುವಾಗ ಇನ್ನೊಂದಕ್ಕೂ ಮಣ್ಣು ಬಿದ್ದರೆ ಊರೇ ಕಂಗಾಲು. ಬಿಆರ್‌ಸಿಎ ಕೆಟ್ಟ ಗಡ್ಡೆಯಲ್ಲಿ ರಿಪೇರಿಯ ಒಂದು ಘಾಟಿ ಹುಟ್ಟಿನಿಂದಲೇ ಬಂದ್. ಪಾರ್ಪ್ ಎಂಬ ಎರಡನೆಯದನ್ನು ಔಷಧಿ ಮುಚ್ಚುತ್ತದೆ. ಉಳಿದ ಮೈಯಲ್ಲಿ ಮೊದಲಿನದು ತೆರೆದೇ ಇರುವುದರಿಂದ ಅಷ್ಟಾಗಿ ತೊಂದರೆಯಿಲ್ಲ.

ಗ್ಲಯೋಬ್ಲಾಸ್ಟೋಮಾದಲ್ಲಿ ಬಿಆರ್‌ಸಿಎ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಆದರೂ ಟೆಮೊಜೊಲೊಮೈಡ್ ಮಾಡುವ ಬಹುಪಾಲು ಗಾಯಗಳನ್ನು ಒರೆಸುವ ದಳಕ್ಕೆ ಪಾರ್ಪ್ ಬೇಕು. ಅದನ್ನು ತಡೆದರೆ ಲೆಕ್ಕಕ್ಕಿಲ್ಲದ ಗಾಯಗಳೂ ಕೊಲ್ಲತೊಡಗಬಹುದು ಎನ್ನುವುದು ಆಸೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಜಾನ್ ಸರ್ಕಾರಿಯಾ ರೋಗಿಗಳ ಗಡ್ಡೆಯನ್ನೇ ಇಲಿಗಳಲ್ಲಿ ಬೆಳೆಸಿ ವೆಲಿಪರಿಬ್ ಎಂಬ ಪಾರ್ಪ್ ತಡೆಯನ್ನು ಟೆಮೊಜೊಲೊಮೈಡ್ ಜೊತೆ ಕೊಟ್ಟರು. ಎಂಜಿಎಂಟಿಗೆ ಬೀಗ ಬಿದ್ದ ಗಡ್ಡೆಗಳು ಚೆನ್ನಾಗಿಯೇ ಬಗ್ಗಿದವು. ಅದೇ ನೆಚ್ಚಿಕೆಯಲ್ಲಿ ಅಂಥದೇ ಗಡ್ಡೆಯಿದ್ದ 447 ರೋಗಿಗಳ ಮೇಲೆ ಪ್ರಯೋಗ ನಡೆಯಿತು. 2024ರಲ್ಲಿ ಬಂದ ಫಲಿತಾಂಶ: ವೆಲಿಪರಿಬ್ ಪಡೆದವರು 28.1 ತಿಂಗಳು, ಹುಸಿಮಾತ್ರೆ ಪಡೆದವರು 24.8. ಅಂಕಿಅಂಶದ ಪರೀಕ್ಷೆಯಲ್ಲಿ ಈ ವ್ಯತ್ಯಾಸ ನಿಲ್ಲಲಿಲ್ಲ. ಬೀಗವಿಲ್ಲದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಸಣ್ಣ ಪ್ರಯೋಗದಲ್ಲೂ ಆಯಸ್ಸು ಹೆಚ್ಚಲಿಲ್ಲ.

ಒಳಹೋದ ಔಷಧಿ ಸಾಕಷ್ಟಿತ್ತೇ ಎನ್ನುವುದು ಇಂಥ ಪ್ರತಿ ಸೋಲಿನ ಹಿಂದೆಯೂ ನಿಲ್ಲುವ ಪ್ರಶ್ನೆ. ರಕ್ತಕ್ಕೆ ಬಣ್ಣ ಚುಚ್ಚಿದರೆ ಮೈಯೆಲ್ಲ ಬಣ್ಣವಾದರೂ ಮಿದುಳು ಮಾತ್ರ ಬೆಳ್ಳಗೆ ಉಳಿಯುವುದನ್ನು ಜರ್ಮನಿಯ ಪಾಲ್ ಎರ್ಲಿಕ್ ಹತ್ತೊಂಬತ್ತನೇ ಶತಮಾನದ ಕೊನೆಗೇ ಗಮನಿಸಿದ್ದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ತಿರುಗಾಮುರುಗಾ ಮಾಡಿ, ಮಿದುಳಿನ ದ್ರವಕ್ಕೇ ಬಣ್ಣ ಹಾಕಿದಾಗ ಮಿದುಳು ನೀಲಿಯಾಯಿತು, ಮೈ ಆಗಲಿಲ್ಲ. ನಡುವೆ ಗೋಡೆಯಿದೆ ಎಂದಾಯಿತು. ಅಲ್ಲಿನ ರಕ್ತನಾಳಗಳ ಕೋಶಗಳು ಒಂದಕ್ಕೊಂದು ಸಂದಿಲ್ಲದೆ ಹೊಲಿದುಕೊಂಡಿವೆ. ಸಾಲದ್ದಕ್ಕೆ ಒಳನುಸುಳಿದ್ದನ್ನು ಹೊರಗೆತ್ತಿ ಹಾಕುವ ಪಂಪುಗಳೂ ಇವೆ. ಗಡ್ಡೆಯ ನಡುಭಾಗದಲ್ಲಿ ಈ ಗೋಡೆ ಬಿರುಕು ಬಿಟ್ಟಿರುತ್ತದೆ. ಎಂಆರ್‌ಐನಲ್ಲಿ ಬಣ್ಣ ಹೀರಿ ಹೊಳೆಯುವುದು ಆ ಜಾಗವೇ. ಸರ್ಜನ್ ತೆಗೆಯುವುದೂ ಆ ಜಾಗವನ್ನೇ. ಉಳಿದು ಮತ್ತೆ ಬೆಳೆಯುವ ಕೋಶಗಳು ಅಡಗಿರುವುದು ಗೋಡೆ ಭದ್ರವಾಗಿರುವ ಕಡೆ. ಒಲಾಪರಿಬ್ ಮಿದುಳಿಗೆ ಹೋಗುವುದಿಲ್ಲ ಎಂದು ಇಲಿಗಳನ್ನು ನೋಡಿ ಎಲ್ಲರೂ ಅಂದುಕೊಂಡಿದ್ದರು. ಗ್ಲಾಸ್ಗೊದ ಆಂಥೊನಿ ಚಾಮರ್ಸ್ ತಂಡ ಆಪರೇಷನ್‌ಗೆ ಮುಂಚೆ ರೋಗಿಗಳಿಗೆ ಅದನ್ನು ಕೊಟ್ಟು, ತೆಗೆದ ಗಡ್ಡೆಯಲ್ಲಿ ಹುಡುಕಿದಾಗ ನಡುಭಾಗದಲ್ಲೂ ಇತ್ತು, ಅಂಚಿನಲ್ಲೂ ಇತ್ತು. ಸಂತೋಷ ಪೂರ್ತಿಯಾಗಲಿಲ್ಲ. ಟೆಮೊಜೊಲೊಮೈಡ್ ಜೊತೆ ದಿನಾ ಕೊಟ್ಟರೆ ಅದೇ ಹಳೆಯ ಪಾಡು, ಕೌಂಟ್ ಬೀಳುತ್ತದೆ. ವಾರಕ್ಕೆ ಮೂರು ದಿನ ಕೊಡುವ ಲೆಕ್ಕ ಹಾಕಬೇಕಾಯಿತು.

ಕೆಟ್ಟುಹೋದದ್ದನ್ನೇ ಹಿಡಿಯುವ ಉಪಾಯ

ಮಜ್ಜೆಯ ಗೋಡೆಗೆ ಇಷ್ಟು ಸಲ ತಲೆ ಚಚ್ಚಿಕೊಂಡ ಮೇಲೆ ಯೇಲ್ ವಿಶ್ವವಿದ್ಯಾಲಯದ ಇಬ್ಬರು ಪ್ರಶ್ನೆಯನ್ನೇ ತಿರುಗಿಸಿದರು. ರೇಡಿಯೇಷನ್ ತಜ್ಞ ರಂಜಿತ್ ಬಿಂದ್ರಾ ಮತ್ತು ರಸಾಯನಶಾಸ್ತ್ರಜ್ಞ ಸೇಥ್ ಹರ್ಜನ್. ಗಡ್ಡೆಯಲ್ಲಿ ಇರುವ ರಿಪೇರಿಯನ್ನು ತಡೆಯುವುದೇಕೆ? ಗಡ್ಡೆ ಈಗಾಗಲೇ ಕಳೆದುಕೊಂಡಿರುವ ರಿಪೇರಿಯೊಂದಿದೆಯಲ್ಲ, ಅದಕ್ಕೇ ಹೊಂದುವ ಗಾಯ ಮಾಡಿದರಾಯಿತು. ಎಂಜಿಎಂಟಿಗೆ ಬೀಗ ಬಿದ್ದ ಗಡ್ಡೆಗೆ ಎಂಜಿಎಂಟಿ ಇಲ್ಲ, ಮೈಯ ಉಳಿದ ಕೋಶಗಳಿಗೆ ಇದೆ. ಹಾಗಾದರೆ ಎಂಜಿಎಂಟಿ ಮಾತ್ರ ಸರಿಪಡಿಸಬಲ್ಲ, ಅದು ಬರಲಿಲ್ಲವೆಂದರೆ ನಿಧಾನವಾಗಿ ಮಾರಕವಾಗುವ ಗಾಯ ಬೇಕು.

2022ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಮುಂದಿಟ್ಟ ಅಣು ಕೆಎಲ್-50. ಹಿಂದೆ ಗುರುತಿಟ್ಟುಕೊಂಡ ಅಣ್ಣ-ತಮ್ಮಂದಿರು ಈಗ ಬೇಕು. ಮಿಟೊಜೊಲೊಮೈಡ್ ಎಂಬ ಅಣ್ಣನ ಬಾಲದಲ್ಲಿ ಕ್ಲೋರಿನ್ ಇತ್ತಲ್ಲ, ಇದರ ಬಾಲದಲ್ಲಿರುವುದು ಫ್ಲೋರಿನ್. ಬದಲಾದದ್ದು ವೇಗ. ಕ್ಲೋರಿನ್ ಹೊತ್ತ ಗಾಯ ಬೇಗಬೇಗ ಎರಡೂ ಎಳೆಗಳನ್ನು ಬೆಸೆದುಬಿಡುತ್ತಿತ್ತು. ಆರೋಗ್ಯವಂತ ಕೋಶದ ಎಂಜಿಎಂಟಿ ಓಡಿಬರುವುದರೊಳಗೆ ಕೆಲಸ ಕೆಟ್ಟಿರುತ್ತಿತ್ತು. ಫ್ಲೋರಿನ್ ಬಿಗಿಯಾಗಿ ಅಂಟಿಕೊಂಡಿರುವ ಜಾತಿ. ಗಾಯ ಬೆಸುಗೆಯಾಗಿ ಮಾರ್ಪಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಒಳ್ಳೆಯ ಕೋಶದಲ್ಲಿ ಎಂಜಿಎಂಟಿ ಬಂದು ಗಾಯವನ್ನು ಕಿತ್ತುಕೊಂಡು ಹೋಗಿರುತ್ತದೆ. ಗಡ್ಡೆಯಲ್ಲಿ ಬರುವವರು ಯಾರೂ ಇಲ್ಲ. ಎಳೆಗಳೆರಡೂ ಬೆಸೆದುಕೊಂಡು ವಿಭಜನೆಯೇ ಸಾಧ್ಯವಾಗದೆ ಕೋಶ ಸಾಯುತ್ತದೆ. ತಪ್ಪು ಜೋಡಿ ಹುಡುಕುವ ದಳದ ಸಹಾಯವೂ ಇಲ್ಲಿ ಬೇಡ. ಹಾಗಾಗಿ ಆ ದಳವನ್ನು ಕಳೆದುಕೊಂಡು ಟೆಮೊಜೊಲೊಮೈಡ್‌ಗೆ ಬಗ್ಗದಂತಾದ ಗಡ್ಡೆಗಳೂ ಇಲಿಗಳಲ್ಲಿ ಇದಕ್ಕೆ ಬಗ್ಗಿದವು, ಮಜ್ಜೆಗೆ ಹೆಚ್ಚಿನ ಕೇಡಾಗಲಿಲ್ಲ. ನಲವತ್ತು ವರ್ಷಗಳ ಹಿಂದೆ ವಿಷವೆಂದು ಬದಿಗಿಟ್ಟ ಮನೆತನದಲ್ಲೇ, ಒಂದೇ ಪರಮಾಣು ಬದಲಿಸಿದರೆ ಮದ್ದು ಇತ್ತು ಎನ್ನುವುದು ರಸಾಯನಶಾಸ್ತ್ರದ ತಮಾಷೆ. ಯೇಲ್‌ನಿಂದ ಹೊರಟ ಮೋಡಿಫೈ ಬಯೋಸೈನ್ಸಸ್ ಎಂಬ ಪುಟ್ಟ ಕಂಪನಿಯನ್ನು 2024ರ ಅಕ್ಟೋಬರಿನಲ್ಲಿ ಔಷಧ ದೈತ್ಯ ಮರ್ಕ್ ಕೊಂಡುಕೊಂಡಿತು.

ನನಗೆ ಈ ದಾರಿಯೇ ಹೆಚ್ಚು ನಂಬುಗೆಯದೆನಿಸುತ್ತದೆ. ಮೈತುಂಬ ಇರುವ ಯಂತ್ರವನ್ನು ನಿಲ್ಲಿಸಿ, ಆಮೇಲೆ ಗಡ್ಡೆ ಮಾತ್ರ ಸಾಯಲಿ ಎಂದು ಹಾರೈಸುವುದಕ್ಕಿಂತ ಗಡ್ಡೆಗೂ ಮೈಗೂ ಮೊದಲೇ ಇರುವ ವ್ಯತ್ಯಾಸದ ಮೇಲೆ ಕಟ್ಟಿದ ಔಷಧಿಗೆ ನೆಲೆ ಗಟ್ಟಿ. ಆದರೂ ಇಲಿ ಇಲಿಯೇ. ಒಂದೇ ಗ್ಲಯೋಬ್ಲಾಸ್ಟೋಮಾದ ಒಳಗೆ ಎಂಜಿಎಂಟಿ ಇರುವ ಕೋಶ, ಇಲ್ಲದ ಕೋಶ ಎರಡೂ ಅಕ್ಕಪಕ್ಕ ಇರಬಲ್ಲವು. ಇಲ್ಲದವು ಸತ್ತ ಮೇಲೆ ಜಾಗ ತುಂಬುವುದು ಇರುವವೇ. ಮೊದಲಿನಿಂದಲೂ ಬೀಗ ಬೀಳದ ಗಡ್ಡೆಯವರಿಗಂತೂ, ಅಂದರೆ ಅರ್ಧಕ್ಕೂ ಹೆಚ್ಚು ರೋಗಿಗಳಿಗೆ, ಕೆಎಲ್-50ರಿಂದ ಏನೂ ಇಲ್ಲ.

ಅವರಿಗಾಗಿ ನಡೆದಿರುವ ಕೆಲಸಗಳಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಐವಿ ಬ್ರೈನ್ ಟ್ಯೂಮರ್ ಸೆಂಟರ್‌ನದು ಎದ್ದು ಕಾಣುತ್ತದೆ. ಅಲ್ಲಿನ ಸರ್ಜನ್ ನಾದರ್ ಸನಾಯ್ ಪ್ರಯೋಗದ ಸರದಿಯನ್ನೇ ಬದಲಿಸಿದ್ದಾರೆ. ರೋಗಿಗೆ ಆಪರೇಷನ್‌ಗೆ ಮುಂಚಿನ ಕೆಲವು ದಿನ ಹೊಸ ಔಷಧಿ ಕೊಡುತ್ತಾರೆ. ಗಡ್ಡೆ ತೆಗೆದ ಕೂಡಲೇ, ಎಂಆರ್‌ಐನಲ್ಲಿ ಹೊಳೆಯದ ಅಂಚಿನ ತುಣುಕನ್ನು, ಅಂದರೆ ಗೋಡೆ ಭದ್ರವಾಗಿರುವ ಭಾಗವನ್ನು, ತೂಗಿ ಔಷಧಿ ಎಷ್ಟು ತಲುಪಿದೆ ಎಂದು ಅಳೆಯುತ್ತಾರೆ. ತಲುಪಿದ್ದರೆ ಮಾತ್ರ ಆ ರೋಗಿಗೆ ಔಷಧಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಅವರ ಪಾಲಿನ ತಿಂಗಳುಗಳು ಕೆಲಸಕ್ಕೆ ಬಾರದ ಮಾತ್ರೆಯಲ್ಲಿ ಕಳೆದುಹೋಗುವುದಿಲ್ಲ. ಸರಾಸರಿ ವರ್ಷದ ಆಸುಪಾಸಿನ ಆಯಸ್ಸು ಉಳಿಸುವ ಕಾಯಿಲೆಯಲ್ಲಿ ಇದು ಸಣ್ಣ ಮಾತಲ್ಲ. ನಿರಾಪರಿಬ್ ಎಂಬ ಪಾರ್ಪ್ ತಡೆ ಆ ಪರೀಕ್ಷೆ ದಾಟಿತು. ಅದರ ಮೇಲೆ 2024ರಲ್ಲಿ ಗ್ಲಯೋಫೋಕಸ್ ಎಂಬ ಮೂರನೇ ಹಂತದ ಪ್ರಯೋಗ ಶುರುವಾಯಿತು. ಅದಕ್ಕೆ ಸೇರುವವರೆಲ್ಲ ಎಂಜಿಎಂಟಿಗೆ ಬೀಗ ಬೀಳದ, ಹೊಸದಾಗಿ ರೋಗ ಪತ್ತೆಯಾದ ಜನ. ಅರ್ಧದಷ್ಟು ಜನರಿಗೆ ಕರೆಂಟ್ ಜೊತೆ ಟೆಮೊಜೊಲೊಮೈಡ್, ಉಳಿದರ್ಧಕ್ಕೆ ಕರೆಂಟ್ ಜೊತೆ ನಿರಾಪರಿಬ್ ಮಾತ್ರ. ಎರಡನ್ನೂ ಒಟ್ಟಿಗೆ ಕೊಟ್ಟು ಮಜ್ಜೆ ಕೆಡಿಸುವ ಗೋಜಿಗೆ ಈ ಸಲ ಹೋಗಿಲ್ಲ.